ಬೆಳೆದುದು ಕೈಯಲ್ಲಿ ನಿಲ್ಲದ ಸೀಮೆ

(ಚಾಮರಾಜನಗರದಲ್ಲಿ ಕೂಡಿದ್ದ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಬೇಸಾಯದ ವಿಷಯವಾಗಿ ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ತಾವು ಕೇಳಿದಾಗ ನಾವು ಸ್ವಲ್ಪ ಹಿಂಜರಿದೆವು. ನಾವು ವಕೀಲರು, ನೇಗಿಲು ಹಿಡಿದವರಲ್ಲ. ಆದರೆ ನೇಗಿಲು ಹಿಡಿದವರ ಕಷ್ಟಗಳು ಕಟ್ಟಕಡೆಗೆ ಬಂದು ಸೇರುವ ಎಡೆಗಳಲ್ಲಿ ನ್ಯಾಯಸ್ಥಾನವೂ ಒಂದು. ಈ ಎರಡು ತಾಲೂಕುಗಳ ರೈತರು ಇಪ್ಪತ್ತು ವರ್ಷಗಳಿಂದ ಕಂಕುಳಲ್ಲಿ ಕಾಗದಗಳ ಗಂಟನ್ನಿಟ್ಟುಕೊಂಡು ನಮ್ಮ ಜಗಲಿಯನ್ನು ಹತ್ತುತ್ತಿದ್ದಾರೆ. ಆ ಗಂಟುಗಳನ್ನು ಬಿಚ್ಚಿ ನೋಡಿ ನಾವು ಕಲಿತುದಿಷ್ಟನ್ನು ತಮ್ಮ ಮುಂದಿಡುತ್ತೇವೆ.

ಪಟ್ಟಣಗಳಲ್ಲಿ ಈ ವಿಷಯ ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುವುವು. ಇದು ಮಳೆಯಿಲ್ಲದ ಸೀಮೆ, ಇಲ್ಲಿ ಏನು ತಾನೇ ಬೆಳೆದೀತು ಎಂಬುದೊಂದು. ನಮ್ಮ ರೈತನು ಹಳೆಯ ಜಾಡನ್ನು ಬಿಡಲಾರನು, ಹೊಸದನ್ನು ಕಲಿಯಲಾರನು ಎಂಬುದಿನ್ನೊಂದು. ಹೀಗೆನ್ನುವವರು ಒಮ್ಮೆ ಗುಂಡ್ಲುಪೇಟೆಯಿಂದ ತೆರಕಣಾಂಬಿಯವರೆಗೆ ಕಣ್ಣು ತೆರೆದುಕೊಂಡು ಹೋಗಿಬರಲಿ. ತಾತಂದಿರ ಕಾಲದಲ್ಲಿ ರಾಗಿ, ಜೋಳ, ಹುರುಳಿಗಳನ್ನು ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ಸೂರ್ಯಕಾಂತಿಯೂ ಹತ್ತಿಯೂ ಚೆಂಡುಹೂವೂ ಇವೆ. ನೀರಿದ್ದೆಡೆಯಲ್ಲಿ ಅರಿಸಿನ, ಬಾಳೆ, ಸಣ್ಣ ಈರುಳ್ಳಿ, ಟೊಮ್ಯಾಟೊ, ಬೀಟ್‌ರೂಟ್, ಕೋಸು ಇವೆ. ಕೇರಳದಿಂದ ಬರುವ ಪ್ರವಾಸಿಗಳು ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ನಮ್ಮ ಹೂವಿನ ಹೊಲಗಳ ಮುಂದೆ ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದುಕೊಟ್ಟಾಗ ಈ ನಾಡಿನ ರೈತನು ಅದನ್ನು ಬೇಡವೆಂದನೇ? ಕಲಿಯಲು ಅವನು ಎಂದೂ ಹಿಂದೆಗೆದವನಲ್ಲ. ಇಲ್ಲಿ ಬೆಳೆ ಹುಟ್ಟುವುದಿಲ್ಲವೆಂಬ ಮಾತು ಸುಳ್ಳು. ಹುಟ್ಟಿದುದು ಹುಟ್ಟಿಸಿದವನ ಕೈಯಲ್ಲಿ ನಿಲ್ಲುವುದಿಲ್ಲ, ತೊಂದರೆಯಿರುವುದು ಅಲ್ಲಿ. ಬಿದ್ದ ಮಳೆ ಕೆರೆಯಲ್ಲಿ ನಿಲ್ಲದು, ಉತ್ತ ನೆಲ ದಾಖಲೆಯಲ್ಲಿ ನಿಲ್ಲದು, ಬಂದ ಫಸಲು ಬೆಲೆ ಏರುವವರೆಗೆ ಮನೆಯಲ್ಲಿ ನಿಲ್ಲದು.

ಮೊದಲು ನೀರಿನ ಮಾತು. ಪಶ್ಚಿಮ ಘಟ್ಟಗಳೂ ನೀಲಗಿರಿಯೂ ಮುಂಗಾರಿನ ಮೋಡಗಳನ್ನು ತಮ್ಮ ಆಚೆಯ ಮಗ್ಗುಲಲ್ಲಿಯೇ ಬರಿದುಮಾಡಿ ನಮಗೆ ನೆರಳನ್ನಷ್ಟೇ ಕಳುಹಿಸುವುವು. ಆದುದರಿಂದ ಇಲ್ಲಿಯ ರೈತನು ಮೇ ತಿಂಗಳ ಗುಡುಗು ಮಳೆಯನ್ನೂ ಸೆಪ್ಟೆಂಬರ್ ಅಕ್ಟೋಬರುಗಳ ಮಳೆಯನ್ನೂ ನಂಬಿರುವನು. ನಡುವೆ ಬರುವ ಬಿಡುವಿನಲ್ಲಿ ಪೈರು ಬಾಡದಂತೆ ಕಾಯುವುದು ಕೆರೆಯ ಕೆಲಸ. ಹಿಂದಿನವರು ಇದನ್ನರಿತೇ ಹಳ್ಳ ಹಳ್ಳಕ್ಕೂ ಏರಿ ಕಟ್ಟಿ, ತೂಬಿಟ್ಟು, ನೀರುಗಂಟಿಯನ್ನು ನೇಮಿಸಿದ್ದರು.

ನಮ್ಮ ಹೊಳೆಯ ಚರಿತ್ರೆಯನ್ನು ಈ ಸಭೆಯವರು ವಿಶೇಷವಾಗಿ ಗಮನಿಸಬೇಕು. ಸುವರ್ಣಾವತಿಯು ಹುಟ್ಟಿ ಕಾವೇರಿಯನ್ನು ಸೇರುವವರೆಗೆ ಹರಿಯುವುದು ಕೆಲವೇ ಹರದಾರಿ. ಅಷ್ಟರಲ್ಲಿಯೇ ಅದು ಮೈಸೂರು ಅರಸರ ಚಾಮರಾಜನಗರವನ್ನೂ, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಯಳಂದೂರನ್ನೂ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವನ್ನೂ ದಾಟಬೇಕಾಗಿದ್ದಿತು. ದಡದ ಮೇಲೆ ಆಡುವ ಭಾಷೆ ಉದ್ದಕ್ಕೂ ಕನ್ನಡವೇ. ಕಂದಾಯ ಕಟ್ಟುವ ಚಾವಡಿಗಳು ಮಾತ್ರ ಬೇರೆ ಬೇರೆ. ಮೈಸೂರಿಗೂ ಮದರಾಸಿಗೂ ೧೮೯೨ರಲ್ಲಿ ಆದ ಒಪ್ಪಂದದಲ್ಲಿ, ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರಿನವರು ಹೊಸ ಜಲಾಶಯ ಕಟ್ಟಬಾರದೆಂಬ ನದಿಗಳ ಪಟ್ಟಿಯೊಂದಿದೆ. ಕಾವೇರಿ, ಹೇಮಾವತಿ, ಕಬಿನಿಗಳ ಸಾಲಿನಲ್ಲಿ ಹೊನ್ನುಹೊಳೆಯೆಂಬ ಹೆಸರಿನಿಂದ ನಮ್ಮ ಸುವರ್ಣಾವತಿಯೂ ಆ ಪಟ್ಟಿಯಲ್ಲಿ ಕುಳಿತಿದೆ. ಬೇಸಿಗೆಯಲ್ಲಿ ಮಕ್ಕಳು ಮೊಣಕಾಲು ನೆನೆಯದೆ ದಾಟುವ ಹೊಳೆಗೆ ಇಷ್ಟು ದೊಡ್ಡ ಗೌರವ! ೧೯೨೪ರ ಒಪ್ಪಂದದಿಂದ ಕೃಷ್ಣರಾಜಸಾಗರಕ್ಕೆ ದಾರಿಯಾಯಿತು. ಆದರೆ ಅದರ ಕಾಲುವೆಗಳು ಈ ಎತ್ತರದ ಸೀಮೆಗೆ ಹರಿಯುವಂತಿರಲಿಲ್ಲ. ೧೯೫೬ರ ನವೆಂಬರ್ ೧ರಂದು ಕೊಳ್ಳೇಗಾಲವು ಕನ್ನಡ ರಾಜ್ಯಕ್ಕೆ ಬಂದು ಹೊಳೆಯ ಎರಡು ತುದಿಗಳೂ ಒಂದು ಆಡಳಿತಕ್ಕೆ ಸೇರಿದ ಮೇಲೆಯೇ ಅಟ್ಟುಗುಳಿಪುರದ ಬಳಿ ಸುವರ್ಣಾವತಿ ಜಲಾಶಯವೂ, ಅದರ ನೆರೆಯಲ್ಲಿ ಚಿಕ್ಕಹೊಳೆಯ ಜಲಾಶಯವೂ ಆದುವು. ತಾಳವಾಡಿಯ ಕನ್ನಡಿಗರು ಮಾತ್ರ ಆಚೆಗೇ ಉಳಿದರು. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ಮಣ್ಣಿನಲ್ಲಿಯಾಗಲಿ ಬೆಳೆಯಲ್ಲಿಯಾಗಲಿ ಭೇದವಿಲ್ಲ.

ಆದರೂ ಕೃಷ್ಣರಾಜಸಾಗರವು ೪೯ ಟಿ.ಎಂ.ಸಿ. ನೀರನ್ನೂ ಕಬಿನಿಯು ೧೯ ಟಿ.ಎಂ.ಸಿ.ಯನ್ನೂ ಹಿಡಿಯುವಲ್ಲಿ ನಮ್ಮ ಸುವರ್ಣಾವತಿ ಹಿಡಿಯುವುದು ಒಂದೂಕಾಲನ್ನು. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.) ಕಬಿನಿಯ ಬಲದಂಡೆ ನಾಲೆಯು ನಮ್ಮ ತಾಲೂಕಿನ ತಗ್ಗಿನ ಭಾಗಕ್ಕೆ ಬರುತ್ತದೆ, ಗುಂಡ್ಲುಪೇಟೆಯ ಏರುನೆಲಕ್ಕೆ ಅದು ಹತ್ತಲಾರದು. ಕೆರೆಗಳನ್ನು ಕೈಬಿಟ್ಟ ಮೇಲೆ ಅಲ್ಲಿ ಉಳಿದುದು ಕೊಳವೆಬಾವಿಯೊಂದೇ. ೨೦೦೮ರಿಂದ ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಸರ್ಕಾರವು ವಿದ್ಯುತ್ತನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಉಪಕಾರವೇ ಸರಿ, ಆದರೆ ಕೆರೆಯ ಹೂಳನ್ನು ತೆಗೆಯಲು ಊರೆಲ್ಲ ಕೂಡಬೇಕು, ಬಾವಿ ಕೊರೆಸಲು ಒಬ್ಬನೇ ಸಾಕು. ಹೀಗಾಗಿ ಊರಿನ ಕೆಲಸ ನಿಂತಿತು, ಒಬ್ಬೊಬ್ಬನ ಪಂದ್ಯ ಮೊದಲಾಯಿತು. ಅಣ್ಣನು ಇನ್ನೂರು ಅಡಿ ಕೊರೆಸಿದರೆ ತಮ್ಮನು ನಾನೂರು, ನೆರೆಯವನು ಎಂಟುನೂರು. ಗುಂಡ್ಲುಪೇಟೆಯು ಅಂತರ್ಜಲವನ್ನು ಅತಿಯಾಗಿ ಎತ್ತಿದ ತಾಲೂಕುಗಳ ಸಾಲಿಗೆ ಬಂದುದು ಹೀಗೆ. ಈಚಿನ ವರ್ಷಗಳಲ್ಲಿ ನಂಜನಗೂಡು ತಾಲೂಕಿನ ಆಲಂಬೂರಿನಿಂದ ಕಬಿನಿಯ ನೀರನ್ನೆತ್ತಿ ನಮ್ಮ ಕೆರೆಗಳನ್ನು ತುಂಬಿಸುವ ಏರ್ಪಾಡಾಗಿದೆ. ಕೆರೆ ತುಂಬಿದ ಊರಿನಲ್ಲಿ ಬತ್ತಿದ ಬಾವಿಗಳು ಮರಳಿ ನೀರು ಕೊಟ್ಟುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ತುಂಬಿಸಿದ ಕೆರೆಯ ಅಂಗಳವನ್ನೇ ಒತ್ತಿಕೊಂಡಿದ್ದರೆ ನೀರು ನಿಲ್ಲುವುದೆಲ್ಲಿ? ಒತ್ತಿದವರಲ್ಲಿ ಬಡವರಷ್ಟೇ ಇರುವುದಿಲ್ಲವೆಂಬುದನ್ನು ತಾವೂ ಬಲ್ಲಿರಿ.

ಕಾಡಿನ ಅಂಚಿನ ಊರುಗಳ ಸಂಕಟ ಬೇರೆ. ಬಂಡೀಪುರವು ೧೯೭೩ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟವು ೨೦೧೧ರಲ್ಲಿ ಹುಲಿಧಾಮವಾಯಿತು. ಕಾಡು ಉಳಿದುದಕ್ಕೆ ನಮಗೆ ಸಂತೋಷವೇ, ಕಾಡಿಲ್ಲದೆ ಹೊಳೆಗಳಿಲ್ಲ. ಆದರೆ ಆನೆಯೂ ಹಂದಿಯೂ ಹೊಲಕ್ಕಿಳಿಯುವ ನಷ್ಟವನ್ನು ನಾಡೆಲ್ಲ ಹೊರದೆ ಅಂಚಿನ ರೈತನೊಬ್ಬನೇ ಹೊರುವುದು ಯಾವ ನ್ಯಾಯ? ಕಂದಕಗಳನ್ನು ತೋಡಿದ್ದಾರೆ, ರೈಲು ಕಂಬಿಗಳ ಬೇಲಿಯನ್ನೂ ಅಲ್ಲಲ್ಲಿ ಹಾಕಿದ್ದಾರೆ. ಬೇಲಿ ಮುಗಿದಲ್ಲಿಂದ ಆನೆ ಬರುತ್ತದೆ. ಹಗಲೆಲ್ಲ ದುಡಿದವನು ರಾತ್ರಿ ಅಟ್ಟಣೆಯ ಮೇಲೆ ತಮಟೆ ಹಿಡಿದು ಎದ್ದಿರಬೇಕು. ಆ ಮನೆಯ ಹುಡುಗನು ಮಾರನೆಯ ದಿನ ತಮ್ಮ ತರಗತಿಯಲ್ಲಿ ತೂಕಡಿಸಿದರೆ ದಯವಿಟ್ಟು ಬೈಯಬೇಡಿ.

ಇನ್ನು ನಮ್ಮ ಕಸುಬಿಗೆ ಸೇರಿದ ಮಾತು. ಇದನ್ನು ಸ್ವಲ್ಪ ವಿಸ್ತರಿಸಿ ಹೇಳುವುದಕ್ಕೆ ಅಪ್ಪಣೆಯಾಗಬೇಕು, ಏಕೆಂದರೆ ಬೇಸಾಯದ ಗ್ರಂಥಗಳಲ್ಲಿ ಗೊಬ್ಬರಕ್ಕೆ ಒಂದು ಅಧ್ಯಾಯ, ಬೀಜಕ್ಕೆ ಒಂದು ಅಧ್ಯಾಯವಿರುವುದು, ಪಹಣಿಗೆ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ತೆರಕಣಾಂಬಿ ಹೋಬಳಿಯ ಒಬ್ಬ ಹಿರಿಯರು ನಮ್ಮಲ್ಲಿಗೆ ಬಂದರು. ನಾಲ್ಕು ಎಕರೆಯ ಒಂದು ಸರ್ವೆ ನಂಬರು. ಉಳುತ್ತಿರುವವರು ಅವರು, ಪಹಣಿಯಲ್ಲಿರುವ ಹೆಸರು ಅವರ ತಾತನದು. ತಾತನು ತೀರಿಕೊಂಡು ನಲವತ್ತು ವರ್ಷಗಳಾಗಿದ್ದುವು. "ಬದುಕಿರುವ ನನ್ನ ಹೆಸರು ಎಲ್ಲೂ ಇಲ್ಲ ಸ್ವಾಮಿ, ಸತ್ತಿರುವ ಅಜ್ಜ ಮಾತ್ರ ಇವತ್ತಿಗೂ ಜಮೀನುದಾರ" ಎಂದು ನಕ್ಕರು. ಆ ನಗೆ ನಮಗೆ ಇನ್ನೂ ನೆನಪಿದೆ. ವಾರಸುದಾರರನ್ನು ಎಣಿಸಿದೆವು, ಹದಿಮೂರು ಮಂದಿ ಆದರು. ಇಬ್ಬರು ತಿರುಪೂರಿನ ಬನಿಯನ್ ಕಾರ್ಖಾನೆಯಲ್ಲಿ, ಒಬ್ಬಾಕೆ ನಂಜನಗೂಡಿನಲ್ಲಿ, ಒಬ್ಬನ ಸುಳಿವೇ ಇಲ್ಲ.

ಹೆಸರಿಲ್ಲದುದರ ಫಲವೇನೆಂಬುದನ್ನು ನೋಡಿ. ಕರ್ನಾಟಕ ಸರ್ಕಾರವು ಸಹಕಾರ ಸಂಘಗಳ ಮೂಲಕ ಬಡ್ಡಿಯಿಲ್ಲದೆ ಕೊಡುವ ಅಲ್ಪಾವಧಿ ಸಾಲದ ಮಿತಿಯನ್ನು ೨೦೨೩ರಲ್ಲಿ ೩ ಲಕ್ಷ ರೂಪಾಯಿಗಳಿಂದ ೫ ಲಕ್ಷಕ್ಕೆ ಏರಿಸಿತು. ಕೇಂದ್ರ ಸರ್ಕಾರವು ೨೦೧೯ರಿಂದ ರೈತ ಕುಟುಂಬಕ್ಕೆ ವರ್ಷಕ್ಕೆ ೬೦೦೦ ರೂಪಾಯಿಗಳನ್ನು ಕೊಡುತ್ತಿದೆ. ಇವೆಲ್ಲವೂ ಸಲ್ಲುವುದು ಪಹಣಿಯಲ್ಲಿ ಹೆಸರುಳ್ಳವನಿಗೆ. ನಮ್ಮ ಹಿರಿಯರು ಬಿತ್ತನೆಯ ಅರಿಸಿನಕ್ಕೂ ಪಂಪಿನ ರಿಪೇರಿಗೂ ಹಣ ತಂದುದು ಅರಿಸಿನದ ವ್ಯಾಪಾರಿಯೊಬ್ಬನಿಂದ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು; ಅದರ ಮೇಲೆ, ಫಸಲು ಬಂದೊಡನೆ ಅವನಿಗೇ ಅಳೆಯಬೇಕೆಂಬ ಮಾತು. ನೆಲವು ಒಂದೇ, ಮಳೆಯೂ ಒಂದೇ. ಬದುವಿನ ಆಚೆಯ ಹೆಸರುಳ್ಳವನಿಗೆ ಬಡ್ಡಿಯಿಲ್ಲ, ಈಚೆಯ ಹೆಸರಿಲ್ಲದವನಿಗೆ ವರ್ಷಕ್ಕೆ ಮೂವತ್ತಾರು. ನಾವು ವಿಭಾಗದ ದಾವಾ ಹಾಕಿದೆವು. ಅದು ಏಳು ವರ್ಷ ನಡೆಯಿತು. ಸಮನ್ಸು ತಲುಪದೆ ಎರಡು ವರ್ಷ, ಒಬ್ಬ ವಾರಸುದಾರನು ತೀರಿಕೊಂಡು ಅವನ ಮಕ್ಕಳನ್ನು ಸೇರಿಸುವುದರಲ್ಲಿ ಒಂದು ವರ್ಷ. ನಮ್ಮ ಫೀಸೂ ಆ ನಾಲ್ಕು ಎಕರೆಯಿಂದಲೇ ಬಂದುದೆಂಬುದನ್ನು ಮುಚ್ಚಿಡಲಾರೆವು. ಮೊದಲ ದಿನವೇ ಹದಿಮೂರು ಮಂದಿಯನ್ನು ಒಂದು ಜಗಲಿಯ ಮೇಲೆ ಕೂಡಿಸುವ ಪ್ರಯತ್ನವನ್ನು ನಾವು ಇನ್ನೂ ಗಟ್ಟಿಯಾಗಿ ಮಾಡಬೇಕಾಗಿದ್ದಿತು.

ಇದು ಒಬ್ಬರ ಕಥೆಯಲ್ಲ. ೨೦೦೦ದ ಸುಮಾರಿಗೆ ನಮ್ಮ ರಾಜ್ಯವು ಭೂಮಿ ಯೋಜನೆಯಿಂದ ಸುಮಾರು ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೇ ಮೇಲ್ಪಂಕ್ತಿಯಾಯಿತು. ಶ್ಯಾನುಭೋಗರ ಕೈಬರಹದ ಕಾಲದ ಕಿರುಕುಳವು ಅದರಿಂದ ತಪ್ಪಿತು. ಆದರೆ ಯಂತ್ರವು ಇದ್ದುದನ್ನು ಇದ್ದಂತೆ ಬರೆದುಕೊಳ್ಳುತ್ತದೆ. ಸತ್ತವರ ಹೆಸರುಗಳು ಹಾಗೆಯೇ ಅಚ್ಚಾಗಿ ಬಂದುವು. ಪೋಡಿಯಾಗದ ಸರ್ವೆ ನಂಬರುಗಳಲ್ಲಿ ಏಳು ಎಂಟು ಹೆಸರುಗಳು ಒಂದರ ಕೆಳಗೊಂದು ನಿಂತುವು. ಯಾರ ಭಾಗ ಎಲ್ಲಿಂದ ಎಲ್ಲಿಗೆ ಎಂಬುದು ಬದುವಿಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ರಾಜ್ಯದಲ್ಲಿ ಒಂದು ಹಿಡುವಳಿಯ ಸರಾಸರಿಯು ೨೦೧೫-೧೬ರ ಗಣತಿಯಂತೆ ೧.೩೬ ಹೆಕ್ಟೇರು, ಎಂದರೆ ಮೂರು ಎಕರೆಗೆ ಸ್ವಲ್ಪ ಹೆಚ್ಚು. ಅದರಲ್ಲಿಯೇ ಇಷ್ಟು ತೊಡಕು.

ಹೆಂಗಸರ ಮಾತನ್ನಂತೂ ಕೇಳುವವರೇ ಇಲ್ಲ. ಕಳೆ ಕೀಳುವುದು, ಅರಿಸಿನ ಅಗೆದು ಬಿಡಿಸುವುದು, ಹೂ ಕೊಯ್ಯುವುದು ಎಲ್ಲವೂ ಅವರ ಕೆಲಸ. ನಮ್ಮ ರಾಜ್ಯವು ೧೯೯೪ರಲ್ಲಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಭಾಗವನ್ನು ಕೊಟ್ಟಿತು. ೨೦೦೫ರಲ್ಲಿ ಅದು ದೇಶದ ಕಾನೂನಾಯಿತು. ಆದರೆ ನಮ್ಮ ಕಚೇರಿಗೆ ಬರುವ ಪಹಣಿಗಳಲ್ಲಿ ಹೆಣ್ಣಿನ ಹೆಸರು ಕಂಡರೆ ಆಕೆಯು ವಿಧವೆಯೇ ಇರಬೇಕೆಂದು ಗುಮಾಸ್ತರು ಮೊದಲೇ ಊಹಿಸುತ್ತಾರೆ.

ಗೇಣಿಯ ವಿಚಾರವೂ ಹೀಗೆಯೇ. ೧೯೭೪ರ ತಿದ್ದುಪಡಿಯಿಂದ ದೇವರಾಜ ಅರಸರ ಸರ್ಕಾರವು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಆ ಪುಣ್ಯಕಾರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಅಂದಿನಿಂದ ಕಾನೂನಿನಲ್ಲಿ ಗೇಣಿಯಿಲ್ಲ, ಹೊಲದಲ್ಲಿ ಗೇಣಿಯಿದೆ. ಶುಂಠಿ ಬೆಳೆಯುವವರು ಹೊರಗಿನಿಂದ ಬಂದು ಬಾಯಿಮಾತಿನ ಮೇಲೆ ಒಂದೆರಡು ವರ್ಷಕ್ಕೆ ನೆಲ ಹಿಡಿಯುತ್ತಾರೆ. ಮುಂದಿನ ವರ್ಷ ಆ ನೆಲದಲ್ಲಿರುವರೆಂಬ ಭರವಸೆ ಅವರಿಗಿಲ್ಲದಿರುವಾಗ ಮಣ್ಣಿನ ಮೇಲೆ ಮಮತೆ ಎಲ್ಲಿಂದ ಬಂದೀತು? ಒಡೆಯನಿಗೆ ಕೈಗೆ ಹಣ ಬರುವುದು, ಮಣ್ಣಿಗೆ ಔಷಧವೂ ರೋಗವೂ ಉಳಿಯುವುವು.

ಈಗ ಸಂತೆಗೆ ಹೋಗೋಣ. ಅರಿಸಿನವು ಒಂಬತ್ತು ತಿಂಗಳ ಬೆಳೆ. ಅಗೆದ ಮೇಲೆ ಬೇಯಿಸಬೇಕು, ಒಣಗಿಸಬೇಕು, ಉಜ್ಜಿ ಹೊಳಪು ಕೊಡಬೇಕು. ಆಮೇಲೆ ಅದು ಧಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನಿಳಿದು ಸತ್ಯಮಂಗಲದ ಮೂಲಕ ಈರೋಡಿಗೆ ಹೋಗುವುದು. ಬೆಲೆ ಕಟ್ಟುವುದು ಅಲ್ಲಿ, ನಮ್ಮದಲ್ಲದ ಊರಿನಲ್ಲಿ, ನಮ್ಮದಲ್ಲದ ಭಾಷೆಯಲ್ಲಿ. ಈರೋಡಿನವರನ್ನು ನಾವು ದೂಷಿಸುತ್ತಿಲ್ಲ. ಅವರು ಹರಾಜಿನ ಅಂಗಳವನ್ನೂ ಗೋದಾಮುಗಳನ್ನೂ ಕಟ್ಟಿಕೊಂಡರು, ನಾವು ಕಟ್ಟಿಕೊಳ್ಳಲಿಲ್ಲ. ೨೦೧೦ರಲ್ಲಿ ಕ್ವಿಂಟಾಲಿಗೆ ೧೫೦೦೦ ರೂಪಾಯಿಗಳನ್ನು ದಾಟಿದ್ದ ಅರಿಸಿನವು ೨೦೧೨ರ ಹೊತ್ತಿಗೆ ೫೦೦೦ಕ್ಕಿಂತ ಕೆಳಗಿಳಿಯಿತು. ಬೆಲೆ ಏರಿದುದನ್ನು ಕಂಡು ರಾಗಿಯ ಹೊಲಕ್ಕೂ ಅರಿಸಿನ ಹಾಕಿದವರು ಎಷ್ಟು ಮಂದಿ! ಒಣಗಿದ ಅರಿಸಿನವು ವರ್ಷಗಟ್ಟಲೆ ಕೆಡದ ಸರಕು. ಹಿಡಿದಿಟ್ಟುಕೊಂಡವನು ಕಾಯಬಹುದಾಗಿದ್ದಿತು. ಕಾದವರು ವ್ಯಾಪಾರಿಗಳು, ಬಡ್ಡಿಗೆ ತಂದ ರೈತನು ಕಾಯಲಾರದೆ ಇಳಿದ ಬೆಲೆಗೇ ಕೊಟ್ಟನು. ಪಹಣಿಯ ಮಾತಿಗೂ ಸಂತೆಯ ಮಾತಿಗೂ ಇರುವ ಸಂಬಂಧ ಇದು. ಕಾಗದವಿದ್ದವನಿಗೆ ಸಾಲ, ಸಾಲವಿದ್ದವನಿಗೆ ತಾಳ್ಮೆ, ತಾಳ್ಮೆಯಿದ್ದವನಿಗೆ ಬೆಲೆ.

ಗೋದಾಮಿನಲ್ಲಿಟ್ಟ ಫಸಲಿನ ರಸೀತಿಯ ಮೇಲೆಯೇ ಸಾಲ ಪಡೆಯಬಹುದೆಂದು ೨೦೦೭ರಲ್ಲಿ ಕೇಂದ್ರವು ಕಾನೂನು ಮಾಡಿದೆ. ಅರಿಸಿನಕ್ಕೆಂದು ೨೦೨೩ರಲ್ಲಿ ಒಂದು ರಾಷ್ಟ್ರೀಯ ಮಂಡಳಿಯೂ ಆಯಿತು. ಅದರ ಮುಖ್ಯ ಕಚೇರಿ ತೆಲಂಗಾಣದ ನಿಜಾಮಾಬಾದಿನಲ್ಲಿ. ಕಾನೂನಿದ್ದರೂ ಅದನ್ನು ಬಳಸಿಕೊಳ್ಳುವ ಒಕ್ಕೂಟ ಬೇಕು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ ಅವರ ಬಳಿ ಗೋದಾಮೂ ಇರಲಿಲ್ಲ, ಮಂಡಳಿಯೂ ಇರಲಿಲ್ಲ. ಊರಿನವರ ನಂಬಿಕೆಯಿದ್ದಿತು. ಇಂದು ನಮ್ಮಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಸಾಲ ಕೊಟ್ಟು ವಸೂಲುಮಾಡುವುದರಲ್ಲಿಯೇ ತೃಪ್ತವಾಗಿವೆ. ಫಸಲನ್ನು ಕೂಡಿಟ್ಟು ಮಾರುವ ಕೆಲಸಕ್ಕೆ ಕೈಹಾಕಿದವು ಬೆರಳೆಣಿಕೆಯಷ್ಟು.

ತರಕಾರಿಗಾದರೋ ಕಾಯುವ ಮಾತೇ ಇಲ್ಲ. ತೆರಕಣಾಂಬಿಯ ಮಾರುಕಟ್ಟೆಯಿಂದ ಕೇರಳಕ್ಕೂ ತಮಿಳುನಾಡಿಗೂ ಲಾರಿಗಳು ಹೊರಡುವುವು. ಬಂಡೀಪುರದ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ಸಂಚಾರವಿಲ್ಲ. ಧಿಂಬಂ ದಾರಿಯಲ್ಲಿಯೂ ೨೦೨೨ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಿಂದ ರಾತ್ರಿಯ ನಿರ್ಬಂಧ ಬಂದಿತು. ವನ್ಯಮೃಗಗಳ ಪ್ರಾಣಕ್ಕಾಗಿ ಮಾಡಿದ ಈ ಕಟ್ಟಳೆಯನ್ನು ತೆಗೆಯಬೇಕೆಂದು ನಾವು ಹೇಳುವವರಲ್ಲ. ಸಂಜೆ ಕೊಯ್ದ ಟೊಮ್ಯಾಟೊ ಬೆಳಗಿನವರೆಗೆ ತಣ್ಣಗೆ ಇರುವಂತೆ ಶೀತಲಗೃಹವನ್ನು ಕಾಡಿನ ಈಚೆಗೆ ಕಟ್ಟಬಾರದೇ ಎಂದಷ್ಟೇ ಕೇಳುತ್ತೇವೆ. ೧೯೨೬ರಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ಬಂದ ರೈಲು ಇಂದಿಗೂ ಇಲ್ಲಿಯೇ ನಿಂತು ಹಿಂದಕ್ಕೆ ತಿರುಗುತ್ತದೆ. ಕೊಯಮತ್ತೂರಿನ ಕಡೆಗೆ ಅದನ್ನು ಮುಂದುವರಿಸುವ ಮಾತನ್ನು ಕೇಳಿ ಕೇಳಿ ಎರಡು ತಲೆಮಾರು ಕಳೆದುವು.

ಇಷ್ಟು ಹೇಳುವಾಗ ನಮ್ಮ ಊರಿಗೆ ಅಂಟಿದ್ದ ಒಂದು ಅಪಖ್ಯಾತಿಯನ್ನು ಮರೆಯಬಾರದು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯು ಪದವಿ ಕಳೆದುಕೊಳ್ಳುವನೆಂಬ ಮೂಢನಂಬಿಕೆಯಿಂದ ಎಷ್ಟೋ ಮಂದಿ ಮುಖ್ಯಮಂತ್ರಿಗಳು ಈ ಕಡೆ ಸುಳಿಯಲಿಲ್ಲ. ೨೦೧೩ರಿಂದ ಸಿದ್ದರಾಮಯ್ಯನವರು ಮೇಲಿಂದ ಮೇಲೆ ಬಂದು, ಐದು ವರ್ಷಗಳ ಅವಧಿಯನ್ನೂ ಮುಗಿಸಿದರು. ೧೯೯೭ರಲ್ಲಿ ಜಿಲ್ಲೆಯಾದ ಊರಿನ ರೈತನ ಅಹವಾಲನ್ನು ಶಕುನವು ಇಷ್ಟು ಕಾಲ ತಡೆದಿದ್ದಿತೆಂದರೆ ನಗಬೇಕೋ ಅಳಬೇಕೋ ತಿಳಿಯದು.

ತಮ್ಮಿಂದ ಒಂದು ಉಪಕಾರವನ್ನು ಕೇಳಿ ಮುಗಿಸುತ್ತೇವೆ. ನಾಲೆ, ಗೋದಾಮು, ರೈಲುಗಳಿಗೆ ಸರ್ಕಾರವನ್ನೇ ಕಾಯಬೇಕು. ಪಹಣಿಯಲ್ಲಿರುವ ಸತ್ತವರ ಹೆಸರನ್ನು ತೆಗೆಸಲು ಅಷ್ಟು ಕಾಯಬೇಕಾಗಿಲ್ಲ. ಹಳ್ಳಿಯಲ್ಲಿ ಓದು ಬರಹ ಬಲ್ಲವರೂ ಎಲ್ಲ ಮನೆಗಳಿಗೂ ಬೇಕಾದವರೂ ತಾವು. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ, ಪಾಠಗಳು ಮುಗಿದ ಮೇಲೆ, ಶಾಲೆಯ ಜಗಲಿಯಲ್ಲಿ ಊರಿನವರನ್ನು ಕೂಡಿಸಿ ಅವರವರ ಪಹಣಿಯನ್ನು ಓದಿಹೇಳಿರಿ. ಪೌತಿ ಖಾತೆಗೆ ಮುಖ್ಯವಾಗಿ ಬೇಕಾದುವು ಮರಣಪತ್ರ, ವಂಶವೃಕ್ಷ, ವಾರಸುದಾರರ ಗುರುತಿನ ಪತ್ರಗಳು. ವಂಶವೃಕ್ಷವನ್ನು ಬರೆಯುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡದಂತೆ ನೋಡಿಕೊಳ್ಳಿರಿ. ಬಿಟ್ಟುದರಿಂದಲೇ ಆಮೇಲೆ ದಾವಾಗಳು ಹುಟ್ಟುವುವು. ತೊಡಕಿನ ಕಾಗದಗಳಿದ್ದರೆ ಭಾನುವಾರಗಳಂದು ನಮ್ಮ ಮನೆಗೆ ಕಳುಹಿಸಬಹುದು. ಅದಕ್ಕೆ ಫೀಸಿಲ್ಲ.